ಡ್ರಗ್ ಚಾರ್ಟಿನ ಎರಡು ಖಾಲಿ ಚೌಕ

ಶಿವಮೊಗ್ಗದಲ್ಲಿ ವಕೀಲಿಕೆ ಮಾಡುತ್ತಿದ್ದೇನೆ. ವೈದ್ಯಕೀಯ ನಿರ್ಲಕ್ಷ್ಯದ ದೂರುಗಳಲ್ಲಿ ನನಗೆ ಅತಿ ಕಷ್ಟವೆನಿಸಿದ್ದು ನೋವಿನ ಕೇಸು. ಹೊಟ್ಟೆಯಲ್ಲಿ ಹತ್ತಿ ಉಳಿದರೆ ಸ್ಕ್ಯಾನಿಂಗ್ ತೋರಿಸುತ್ತದೆ. ರಾತ್ರಿಯಿಡೀ ನರಳಿದ್ದಕ್ಕೆ ಸಾಕ್ಷಿ ಯಾರು?

ತೀರ್ಥಹಳ್ಳಿ ಕಡೆಯ, ಅಡಿಕೆ ಗೊನೆ ಕೊಯ್ಯುವ ಕೊನೆಗಾರರೊಬ್ಬರು ಮರದಿಂದ ಜಾರಿ ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡಿದ್ದರು. ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. ರಾತ್ರಿ ನೋವು ಏರುತ್ತಲೇ ಹೋಯಿತು. “ಕಾಲು ಒಡ್ದೇ ಹೋಗ್ತದೆ ಅಂತ ಕೂಗ್ತಿದ್ರು ಸಾರ್. ಆಪರೇಷನ್ ಆದ್ಮೇಲೆ ನೋವು ಇರ್ತದಮ್ಮ, ಸುಮ್ನಿರಿ ಅಂದ್ರು,” ಎಂದರು ಅವರ ಹೆಂಡತಿ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ನೋಡಿದವರೇ ಮತ್ತೆ ಥಿಯೇಟರಿಗೆ ಕರೆದೊಯ್ದರು. ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಮೊಣಕಾಲ ಕೆಳಗಿನ ಸ್ನಾಯುಗಳೊಳಗೆ ಒತ್ತಡ ಏರಿ ರಕ್ತ ಸಂಚಾರ ನಿಂತಿತ್ತು. ಗಾಯಕ್ಕೆ ಮೀರಿದ ನೋವೇ ಇದರ ಮೊದಲ ಸೂಚನೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಪಾದ ಮೇಲೆತ್ತುವ ಶಕ್ತಿ ಹೋಗಿಬಿಟ್ಟಿತ್ತು.

ಮೊದಲು ಕೇಸ್ ಶೀಟಿಗೆ ಲಿಖಿತ ಅರ್ಜಿ ಹಾಕಿಸಿದೆ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ. ಬಂದ ಕಟ್ಟಿನಲ್ಲಿ ಡಿಸ್ಚಾರ್ಜ್ ಸಮ್ಮರಿ ಬದಿಗಿಟ್ಟು ಡ್ರಗ್ ಚಾರ್ಟ್ ಬಿಚ್ಚಿದೆ, ಔಷಧಿ ಕೊಟ್ಟ ಹೊತ್ತಿನ ಚೌಕದಲ್ಲಿ ನರ್ಸ್ ಸಹಿ ಹಾಕುವ ಹಾಳೆ ಅದು. ನೋವಿನ ಇಂಜೆಕ್ಷನ್ ಎಂಟು ಗಂಟೆಗೊಮ್ಮೆ ಎಂದು ಡಾಕ್ಟರು ಬರೆದಿದ್ದರು. ಮಧ್ಯಾಹ್ನ 2ರ ಚೌಕದಲ್ಲಿ ಸಹಿ ಇದೆ. ರಾತ್ರಿ 10, ಬೆಳಿಗ್ಗೆ 6, ಎರಡೂ ಖಾಲಿ. ನರ್ಸ್ ನೋಟ್ಸಿನಲ್ಲಿ ರಾತ್ರಿ 2 ಗಂಟೆಗೆ ‘ರೋಗಿ ಆರಾಮವಾಗಿದ್ದಾರೆ’ ಎಂದಿತ್ತು. ಅದೇ ಹೊತ್ತಿಗೆ ಆ ಹೆಂಗಸು ಅಳುತ್ತಾ ಅಣ್ಣನಿಗೆ ಫೋನ್ ಮಾಡಿದ್ದರು, ಮೊಬೈಲಿನಲ್ಲಿ 2.10ರ ಕರೆ ಹಾಗೇ ಇತ್ತು. ಔಷಧಿ ಅಂಗಡಿಯ ಚೀಟಿಗಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದರು. ಇಂಜೆಕ್ಷನ್ ತಂದುಕೊಟ್ಟ ಬಿಲ್ಲಿನ ಮೇಲೆ ಹೊತ್ತು ಸಮೇತ ಅಚ್ಚಾಗಿತ್ತು.

ಆ ನರ್ಸ್ ಮೇಲೆ ನನಗೆ ಸಿಟ್ಟಿಲ್ಲ. ಇಡೀ ಮಹಡಿಗೆ ಒಬ್ಬರೇ ಇದ್ದರು. ಹಾಗೆ ಬಿಟ್ಟ ಆಸ್ಪತ್ರೆಯನ್ನೇ ಎದುರುದಾರರನ್ನಾಗಿ ಮಾಡಿದೆ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಹೋಗಬೇಕು. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ಪ್ರತಿ ಕೇಸಿಗೂ ತಜ್ಞರ ಸಾಕ್ಷ್ಯ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದರೂ ನಾನು ಅದನ್ನು ನೆಚ್ಚಲಿಲ್ಲ. ಬೇರೆ ಜಿಲ್ಲೆಯ ಮೂಳೆ ತಜ್ಞರೊಬ್ಬರಿಂದ ಅಭಿಪ್ರಾಯ ಬರೆಸಿದೆ. ನೋವು ಉಳಿದ ಮಾತ್ರಕ್ಕೆ ನಿರ್ಲಕ್ಷ್ಯವಾಗುವುದಿಲ್ಲ, ಎಷ್ಟೋ ಜನರನ್ನು ಇದೇ ಮಾತು ಹೇಳಿ ವಾಪಸು ಕಳಿಸಿದ್ದೇನೆ. ಇಲ್ಲಿ ನಾನು ಹಿಡಿದದ್ದು ಒಂದೇ ಪ್ರಶ್ನೆ: ಕೂಗಿದಾಗ ಯಾರಾದರೂ ಬಂದು ಕಾಲು ಮುಟ್ಟಿ ನೋಡಿದರೇ? ಲಿಖಿತ ಪ್ರಶ್ನಾವಳಿಯಲ್ಲಿ ಇದನ್ನೇ ಕೇಳಿದೆ. ಉತ್ತರದಲ್ಲಿ ‘ಅಗತ್ಯ ಕಾಳಜಿ ವಹಿಸಲಾಗಿದೆ’ ಎಂದಿತ್ತೇ ಹೊರತು ಬಂದವರ ಹೆಸರಿರಲಿಲ್ಲ.

ಪರಿಹಾರ ಕೇಳಿದ್ದಕ್ಕಿಂತ ಕಡಿಮೆಯೇ ಬಂತು. ಆದೇಶದ ಪ್ರತಿ ಕೊಡಲು ಹೋದಾಗ ಆ ಕೊನೆಗಾರರು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಮೊತ್ತ ಎಷ್ಟೆಂದು ಆ ತಾಯಿ ಮೊದಲು ಕೇಳಲಿಲ್ಲ. “ನಾನ್ ಕರ್ದಿದ್ದು ಹೌದು ಅಂತ ಇದ್ರಲ್ಲಿ ಬರ್ದಿದಾರಾ ಸಾರ್?” ಎಂದರು. ಆ ಪುಟ ತೆಗೆದು ಎರಡು ಸಲ ಓದಿ ಹೇಳಿದೆ.