ಚೋಕೂ ಅಲ್ಲ, ಸ್ಟಾರ್ಟರೂ ಅಲ್ಲ: ನಡುಮನೆ ಟ್ಯೂಬ್‌ಲೈಟ್ ಕತೆ

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಇಲ್ಲಿನ ಉಪ್ಪುಗಾಳಿಗೆ ಕಿಟಕಿಯ ಸರಳೇ ಪದರು ಪದರಾಗಿ ಏಳುತ್ತದೆ, ಇನ್ನು ಟ್ಯೂಬ್‌ಲೈಟ್ ಯಾವ ಲೆಕ್ಕ?

ಹೋದ ವರ್ಷ ಜೂನ್‌ನಲ್ಲಿ ನಡುಮನೆಯ ನಾಲ್ಕಡಿ ಟ್ಯೂಬ್‌ಲೈಟ್ ಪಟ್ಟಿ ಕೈಕೊಟ್ಟಿತು. ಎರಡೂ ತುದಿ ಕೆಂಪಗೆ, ನಡುವೆ ಕತ್ತಲೆ. ಟ್ಯೂಬ್ ಹತ್ತಿಸಿಕೊಡುವ ಪುಟ್ಟ ಡಬ್ಬಿ, ಅಂದರೆ ಸ್ಟಾರ್ಟರ್, ತಿರುಗಿಸಿ ಹೊರಗೆಳೆದೆ, ಫಕ್ಕನೆ ಹತ್ತಿತು! ಅಂದರೆ ಸ್ಟಾರ್ಟರ್ ಒಳಗೇ ಶಾರ್ಟ್. ಡಬ್ಬಿ ಬಿಚ್ಚಿದರೆ ಗಾಜಿನ ಬುರುಡೆಯ ಪಕ್ಕದ ಪುಟ್ಟ ಕೆಪಾಸಿಟರ್ (ರೇಡಿಯೋಗೆ ಗದ್ದಲ ಹೋಗದಂತೆ ತಡೆಯುವ ಬಿಡಿಭಾಗ) ಉಬ್ಬಿತ್ತು. ಅದನ್ನು ಕತ್ತರಿಸಿ ಬಿಸಾಕಿ ಮತ್ತೆ ಸಿಕ್ಕಿಸಿದೆ. ಲೈಟ್ ಹತ್ತುವಾಗ ರೇಡಿಯೋ ಗರಗರ ಅನ್ನುತ್ತಿತ್ತು, ಅಷ್ಟೇ. ಇಪ್ಪತ್ತು ರೂಪಾಯಿ ಉಳಿಸಿದೆ ಅಂತ ಬೀಗಿದ್ದೇ ಬೀಗಿದ್ದು.

ವಾರ ತುಂಬುವುದರೊಳಗೆ ಮತ್ತೆ ಶುರು. ಈ ಸಲ ತುದಿಯೂ ಕೆಂಪಾಗುವುದಿಲ್ಲ. ಒಮ್ಮೆ ಹತ್ತುತ್ತದೆ, ಒಮ್ಮೆ ಸತ್ತ ಹಾಗೆ. ಹೊಸ ಸ್ಟಾರ್ಟರ್, ಹೊಸ ಟ್ಯೂಬ್, ಕೊನೆಗೆ ಹೊಸ ಚೋಕ್ (ಟ್ಯೂಬಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ತಂತಿ ಸುರುಳಿ). ಮುನ್ನೂರು ಚಿಲ್ಲರೆ ಹೋಯಿತು, ಲೈಟ್ ಬರಲಿಲ್ಲ. ಆಮೇಲೆ ಹಳೇ ಚೋಕಿಗೆ ಮೀಟರ್ ಹಿಡಿದರೆ 35 ಓಮ್ ಆಸುಪಾಸು, ಗಟ್ಟಿಮುಟ್ಟಾಗಿತ್ತು. ಅಂಗಡಿಗೆ ಹೋಗುವ ಮೊದಲೇ ಅಳೆಯಬೇಕಿತ್ತು ಅಲ್ವಾ! ಕರೆಸಿದ ಎಲೆಕ್ಟ್ರಿಷಿಯನ್ ಮೇಲೆ ನೋಡಿ, "ಕಿತ್ತು ಬಿಸಾಕಿ, ಎಲ್‌ಇಡಿ ಹಾಕಿ" ಅಂದ. ಶಿರಸಿಯಿಂದ ಬಂದಿದ್ದ ಭಾವ ಅದಕ್ಕೇ ತಾಳ ಹಾಕಿದರು.

ದಾರಿ ತೋರಿಸಿದ್ದು ಆಯಿ. "ಪೊರಕೆ ಹಿಡಿಯಿಂದ ಆ ತುದಿಗೆ ತಟ್ಟಿದರೆ ಹತ್ತುತ್ತದೆ, ನಾನು ದಿನಾ ಹಾಗೇ ಮಾಡೋದು" ಅಂದರು. ಆ ತುದಿಯ ಹೋಲ್ಡರ್ ಬಿಚ್ಚಿದೆ. ಪಿನ್ ಹಿಡಿಯುವ ಹಿತ್ತಾಳೆ ಪತ್ತಿಗಳ ಮೇಲೆ ಪಾಚಿಯ ಹಾಗೆ ಹಸಿರು ಕಿಲುಬು. ಒಂದು ಪತ್ತಿಯಂತೂ ಬಿಗಿ ಕಳೆದುಕೊಂಡು ಜೋತು ಬಿದ್ದಿತ್ತು.

ಇಲ್ಲಿ ಇನ್ನೊಂದು ಪೆದ್ದತನ ಮಾಡಿದೆ. ತಾಮ್ರದ ಹಂಡೆ ತಿಕ್ಕುವ ಹಾಗೆ ಹುಣಸೆಹುಳಿ ಹಾಕಿ ತಿಕ್ಕಿದೆ. ಫಳಫಳ! ಎಂಟೇ ದಿನಕ್ಕೆ ಮೊದಲಿಗಿಂತ ಜಾಸ್ತಿ ಹಸಿರು. ಸಂದಿಯಲ್ಲಿ ಹುಳಿ ಉಳಿದು, ಮಳೆಗಾಲದ ತೇವ ಸೇರಿ ತಿಂದುಹಾಕಿತ್ತು. ಎರಡನೇ ಸಲ ನೀರು, ಹುಳಿ ಯಾವುದೂ ಇಲ್ಲ. ಸಣ್ಣ ಪಾಲಿಶ್ ಪೇಪರನ್ನು ಬೆಂಕಿಕಡ್ಡಿಗೆ ಸುತ್ತಿ ಉಜ್ಜಿದೆ, ಪತ್ತಿಯನ್ನು ಕೂದಲೆಳೆಯಷ್ಟು ಒಳಗೆ ಬಗ್ಗಿಸಿದೆ, ಚೋಕಿಗೆ ಹೋಗುವ ವಯರಿನ ಕಪ್ಪು ತುದಿ ಕತ್ತರಿಸಿ ಹೊಸದಾಗಿ ಬಿಗಿದೆ. ಕೊನೆಗೆ ಪತ್ತಿಗೆ ತೆಳ್ಳಗೆ ಒಂದು ಸವರಿದ್ದೇನೆ. ಅದೇನು ಅಂತ ಹೇಳುವುದಿಲ್ಲ, ಅಡುಗೆಮನೆಯದ್ದಂತೂ ಅಲ್ಲ.

ಹಾಂ, ಸ್ವಿಚ್ ಆರಿಸಿದ್ದೇನೆ ಅಂತ ನಂಬಿ ಕೈ ಹಾಕಿದಾಗ ಒಂದು ಸಲ ಹೊಡೆಸಿಕೊಂಡೆ. ಯಾವ ಕಾಲದಲ್ಲೋ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ವಯರಿನ ಬದಲು ವಾಪಸ್ ಹೋಗುವ ನ್ಯೂಟ್ರಲ್‌ಗೆ ಕೊಟ್ಟಿದ್ದರು, ಹಾಗಾಗಿ ಆರಿಸಿದರೂ ಪಟ್ಟಿಗೆ ಫೇಸ್ ಬರುತ್ತಿತ್ತು. ಅದನ್ನೂ ಬದಲಿಸಿದೆ. ಆಮೇಲಿಂದ ಮೇನ್ ಆರಿಸದೆ ಸ್ಟೂಲ್ ಹತ್ತುವುದಿಲ್ಲ.

ಹಳೇ ಟ್ಯೂಬ್ ಎಸೆಯಲು ಮನಸ್ಸಾಗಲಿಲ್ಲ. ಡಿಸೆಂಬರ್‌ನ ಒಂದು ರಾತ್ರಿ ಕತ್ತಲೆಕೋಣೆಯಲ್ಲಿ ಅದನ್ನು ನೈಲಾನ್ ಸೀರೆಯ ತುಂಡಿನಿಂದ ಜೋರಾಗಿ ಉಜ್ಜಿದೆ. ವಯರಿಲ್ಲ, ಕರೆಂಟಿಲ್ಲ, ಆದರೂ ಒಳಗೆ ಮಿಣಮಿಣ ಬೆಳಕು ಓಡಿತು. ಮಕ್ಕಳು ಮಲಗಲೇ ಇಲ್ಲ. ಜುಲೈಯಲ್ಲಿ ಅದೇ ಆಟ ಮಾಡಹೋದರೆ ಏನೂ ಇಲ್ಲ, ತೇವದ ಗಾಳಿಯಲ್ಲಿ ಅದು ನಡೆಯುವುದಿಲ್ಲ.

ಪಟ್ಟಿಗೆ ಇದು ಎರಡನೇ ಮಳೆಗಾಲ. ಹೊಸ ಚೋಕ್ ಬಿಚ್ಚಿ ಹಳೆಯದನ್ನೇ ಹಾಕಿದ್ದೇನೆ. ಚೌತಿಗೆ ಬಂದಿದ್ದ ಭಾವ ತಾವೇ ನಾಲ್ಕು ಸಲ ಸ್ವಿಚ್ ಹಾಕಿ ಆರಿಸಿ ನೋಡಿದರು. ಹೋಗುವಾಗ, "ಆ ಹೊಸ ಚೋಕ್ ಸುಮ್ನೆ ಬಿದ್ದಿದೆಯಲ್ಲ, ಕೊಡ್ತೀರಾ?" ಅಂದರು.