ಪಾಪ್ ಹಾಡನ್ನು ಪಂಕ್ ರಾಕ್‌ಗೆ ತರುವ ಬಗೆ

ಪಾಪ್ ಹಾಡೊಂದನ್ನು ಪಂಕ್ (ವೇಗದ, ಒರಟು ನಾದದ ರಾಕ್) ಶೈಲಿಯಲ್ಲಿ ನುಡಿಸಬೇಕೆನ್ನುವವರು ಅದರ ಮಟ್ಟನ್ನು ಮಾತ್ರ ಮುಟ್ಟಬಾರದು, ಏಕೆಂದರೆ ಕೇಳುಗರು ಹಾಡನ್ನು ಗುರುತಿಸುವುದು ಅದರಿಂದಲೇ. ಬಾಬಿ ಫ್ರೀಮನ್ 1958ರಲ್ಲಿ ಜನಪ್ರಿಯಗೊಳಿಸಿದ ‘ಡು ಯು ವಾಂಟ್ ಟು ಡಾನ್ಸ್’ ಹಾಡನ್ನು ನ್ಯೂಯಾರ್ಕಿನ ಪಂಕ್ ತಂಡ ರಮೋನ್ಸ್ 1977ರಲ್ಲಿ ಧ್ವನಿಮುದ್ರಿಸಿದಾಗ ಮಟ್ಟು ಉಳಿಯಿತು, ಲಯ ಮತ್ತು ನಾದ ಬದಲಾದವು.

ಮೊದಲು ವೇಗವನ್ನು ಹೆಚ್ಚಿಸಿ. ನಿಮಿಷಕ್ಕೆ 120 ಬಡಿತಗಳಿದ್ದರೆ 180ರ ಆಸುಪಾಸಿಗೆ ಒಯ್ಯಬಹುದು, ಆದರೆ ಪದಗಳು ನಾಲಿಗೆಯಲ್ಲಿ ತೊಡರುವ ಮುನ್ನವೇ ನಿಲ್ಲಿಸಿ.

ನಿಜವಾದ ಕೆಲಸವಿರುವುದು ಗಿಟಾರಿನಲ್ಲಿ. ಡಿಸ್ಟಾರ್ಷನ್ (ನಾದವನ್ನು ಒರಟಾಗಿಸುವ ಪರಿಣಾಮ) ಹೆಚ್ಚಿದಾಗ ಸಂಕೀರ್ಣ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸ್ವರಗಳು ಒಂದಕ್ಕೊಂದು ಕಲಸಿಹೋಗುವುದರಿಂದ, ಷಡ್ಜ–ಪಂಚಮಗಳಷ್ಟೇ ಇರುವ ಪವರ್ ಕಾರ್ಡ್‌ಗಳನ್ನು ಬಳಸಿ. ಆಗ ಮೇಜರ್–ಮೈನರ್ ಎಂಬ ಎರಡು ಬಗೆಯ ಕಾರ್ಡ್‌ಗಳ ಭೇದವನ್ನು ತಿಳಿಸುವ ಗಾಂಧಾರವು ಗಿಟಾರಿನಿಂದ ಮರೆಯಾಗಿ, ಆ ಹೊಣೆ ಗಾಯಕರ ಕಂಠಕ್ಕೆ ಬರುತ್ತದೆ. ಆದ್ದರಿಂದ ಕಿರುಚುವಾಗಲೂ ಶ್ರುತಿ ತಪ್ಪಬಾರದು. ರಮೋನ್ಸ್ ತಂಡದ ಗಿಟಾರ್ ವಾದಕ ಜಾನಿ ರಮೋನ್ ಅವರಂತೆ ಪ್ಲೆಕ್ಟ್ರಮ್‌ನಿಂದ (ಮೀಟುವ ಪುಟ್ಟ ಬಿಲ್ಲೆಯಿಂದ) ತಂತಿಗಳನ್ನು ಕೆಳಮುಖವಾಗಿಯೇ ಮೀಟಿದರೆ ಪ್ರತಿ ಹೊಡೆತಕ್ಕೂ ಸಮಾನ ತೂಕ ದೊರೆಯುತ್ತದೆ. ಇದಕ್ಕೆ ಮಣಿಕಟ್ಟಿನ ದೀರ್ಘ ಅಭ್ಯಾಸ ಬೇಕು.

ಉದ್ದನೆಯ ಪೀಠಿಕೆ, ತಂತಿವಾದ್ಯಮೇಳ, ಕೀಬೋರ್ಡ್‌ಗಳನ್ನು ಕೈಬಿಡಿ. ಮೂಲಗೀತೆಯನ್ನು ಅಣಕಿಸದೆ, ಅದರ ಭಾವವನ್ನು ನಂಬಿ ಹಾಡಿ.