ಜಾಹೀರಾತಿನಲ್ಲಿ ಕಂಡ ಸೀರೆ: ಹಣ ಕಳುಹಿಸುವ ಮುನ್ನ ಅಂಗಡಿಯನ್ನು ಪರಿಶೀಲಿಸುವುದು ಹೇಗೆ?

ವರಮಹಾಲಕ್ಷ್ಮಿ ಹಬ್ಬ ಹತ್ತಿರವಾಗುತ್ತಿದ್ದಂತೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಸೀರೆಯ ಜಾಹೀರಾತುಗಳು ಒಂದರ ಹಿಂದೆ ಒಂದು ಬರತೊಡಗುತ್ತವೆ. ‘ಅಪ್ಪಟ ಮೈಸೂರು ಸಿಲ್ಕ್, ಕೇವಲ 1,299 ರೂಪಾಯಿ, ಇಂದು ರಾತ್ರಿಯವರೆಗೆ ಮಾತ್ರ’ ಎಂಬಂಥವು ಅವುಗಳಲ್ಲಿ ಸಾಮಾನ್ಯ. ಇಲ್ಲಿ ನೇರ ವ್ಯಾಪಾರ ಮಾಡುವ ಅಂಗಡಿಯವರೂ ಇದ್ದಾರೆ, ಹಣ ಕೈಸೇರಿದ ಮರುದಿನ ಪುಟವನ್ನೇ ಅಳಿಸಿ ಮಾಯವಾಗುವವರೂ ಇದ್ದಾರೆ, ರೇಷ್ಮೆಯ ಚಿತ್ರ ತೋರಿಸಿ ಪಾಲಿಯೆಸ್ಟರ್ ಕಳುಹಿಸುವವರೂ ಇದ್ದಾರೆ. ಚಿತ್ರವನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಇವರಲ್ಲಿ ಯಾರು ಎಂಥವರೆಂಬುದು ತಿಳಿಯುವುದಿಲ್ಲ. ಆದ್ದರಿಂದ ಸೀರೆಗಿಂತ ಮೊದಲು ಮಾರುವವರನ್ನು ಪರಿಶೀಲಿಸಬೇಕು, ಅದೂ ಹಣ ಕೊಡುವ ಮುನ್ನ.

ಮೊದಲು ಪುಟದ ವಯಸ್ಸು ನೋಡಿ

ಇನ್‌ಸ್ಟಾಗ್ರಾಂನಲ್ಲಿ ಮಾರಾಟಗಾರರ ಪ್ರೊಫೈಲ್ ತೆರೆದು, ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ, ‘ಅಬೌಟ್ ದಿಸ್ ಅಕೌಂಟ್’ ಎಂಬುದನ್ನು ಆರಿಸಿ. ಖಾತೆ ಆರಂಭವಾದ ತಿಂಗಳು ಮತ್ತು ವರ್ಷ ಅಲ್ಲಿರುತ್ತದೆ. ಖಾತೆಯ ಹೆಸರು ಬದಲಾಗಿದ್ದರೆ ಅದರ ಸುಳಿವೂ ಸಿಗಬಹುದು. ನಿನ್ನೆಯವರೆಗೆ ಮೊಬೈಲ್ ಕವರ್ ಮಾರುತ್ತಿದ್ದ ಖಾತೆ ಇಂದು ರೇಷ್ಮೆ ಮಳಿಗೆಯಾಗಿದ್ದರೆ ದೂರವಿರುವುದು ಒಳ್ಳೆಯದು. ಫೇಸ್‌ಬುಕ್ ಪುಟಗಳಲ್ಲಿ ಇದೇ ಮಾಹಿತಿ ‘ಪೇಜ್ ಟ್ರಾನ್ಸ್‌ಪರೆನ್ಸಿ’ ವಿಭಾಗದಲ್ಲಿ ದೊರೆಯುತ್ತದೆ. ಫಾಲೋವರ್‌ಗಳ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಆದರೆ ಕಮೆಂಟ್ ಹಾಕುವ ಅವಕಾಶವನ್ನೇ ಮುಚ್ಚಿದ್ದರೆ ಅದನ್ನು ಎಚ್ಚರಿಕೆಯ ಸೂಚನೆಯೆಂದು ಗಂಭೀರವಾಗಿ ಪರಿಗಣಿಸಿ.

ಅಂಗಡಿಗೆ ಸ್ವಂತ ವೆಬ್‌ಸೈಟ್ ಇದ್ದರೆ, ಅದರ ವಿಳಾಸವನ್ನು ವೆಬ್‌ಸೈಟ್‌ಗಳ ನೋಂದಣಿ ವಿವರ ತೋರಿಸುವ ಯಾವುದಾದರೂ ‘ಹೂ ಈಸ್’ (WHOIS) ತಾಣದಲ್ಲಿ ಹಾಕಿ ನೋಂದಣಿಯಾದ ದಿನಾಂಕ ನೋಡಬಹುದು. ‘ಮೂರು ತಲೆಮಾರುಗಳ ನಂಬಿಕೆ’ ಎಂದು ಹೇಳಿಕೊಳ್ಳುವ ಮಳಿಗೆಯ ವೆಬ್‌ಸೈಟ್ ಕಳೆದ ತಿಂಗಳಷ್ಟೇ ನೋಂದಣಿಯಾಗಿದ್ದರೆ, ಅಂಗಡಿಯ ಉಳಿದ ಮಾತುಗಳನ್ನೂ ಒರೆಗೆ ಹಚ್ಚಿ ನೋಡಬೇಕು.

ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ

ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಆನ್‌ಲೈನ್ ಮಳಿಗೆಯು ತನ್ನ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ಸಂಪರ್ಕ ವಿವರ ಹಾಗೂ ದೂರು ಸ್ವೀಕರಿಸುವ ಅಧಿಕಾರಿಯ ವಿವರವನ್ನು ಪ್ರಕಟಿಸಬೇಕು. ಬರೀ ವಾಟ್ಸ್‌ಆ್ಯಪ್ ಸಂಖ್ಯೆ ಕೊಟ್ಟು, ವಿಳಾಸದ ಜಾಗದಲ್ಲಿ ‘ಬೆಂಗಳೂರು’ ಎಂದಷ್ಟೇ ಬರೆದಿದ್ದರೆ ಅದು ವಿಳಾಸವೇ ಅಲ್ಲ.

ಜಿಎಸ್‌ಟಿ ಸಂಖ್ಯೆ ಇದ್ದರೆ ಪರಿಶೀಲನೆ ಸುಲಭ. ಅದರಲ್ಲಿ 15 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕದ್ದು 29. ಮುಂದಿನ ಹತ್ತು ವ್ಯಾಪಾರಿಯ ಪ್ಯಾನ್. ಚಿಕ್ಕಪೇಟೆಯ ಅಂಗಡಿ ಎಂದು ಹೇಳಿಕೊಂಡು ಬೇರೆ ಅಂಕಿಯಿಂದ ಆರಂಭವಾಗುವ ಸಂಖ್ಯೆ ಕೊಟ್ಟಿದ್ದರೆ ಕಾರಣ ಕೇಳಿ. ಸಂಖ್ಯೆ ಸರಿಯಾಗಿ ಕಂಡರೂ ಅಲ್ಲಿಗೇ ಬಿಡದೆ, ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ ವಿಭಾಗದಲ್ಲಿ ಹಾಕಿ ನೋಡಿ, ಲಾಗಿನ್ ಬೇಕಿಲ್ಲ. ನೋಂದಾಯಿತ ಹೆಸರು, ನೋಂದಣಿಯ ದಿನಾಂಕ, ಅದು ಚಾಲ್ತಿಯಲ್ಲಿದೆಯೇ ಅಥವಾ ರದ್ದಾಗಿದೆಯೇ ಎಂಬುದೆಲ್ಲ ಕಾಣುತ್ತದೆ. ಬೇರೆಯವರ ಸಂಖ್ಯೆಯನ್ನು ಎತ್ತಿ ಹಾಕಿಕೊಂಡಿರುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಆದರೆ ಜಿಎಸ್‌ಟಿ ಸಂಖ್ಯೆ ಇಲ್ಲವೆಂದ ಮಾತ್ರಕ್ಕೆ ಮೋಸವೆಂದು ತೀರ್ಮಾನಿಸಬಾರದು. ಇಳಕಲ್, ಗುಳೇದಗುಡ್ಡ, ಮೊಳಕಾಲ್ಮುರುಗಳಲ್ಲಿ ಮನೆಯಲ್ಲೇ ಮಗ್ಗ ಇಟ್ಟುಕೊಂಡು ವಾಟ್ಸ್‌ಆ್ಯಪ್ ಮೂಲಕ ನೇರವಾಗಿ ಮಾರುವ ಸಣ್ಣ ನೇಕಾರರಿದ್ದಾರೆ, ಅವರನ್ನು ವಂಚಕರ ಸಾಲಿಗೆ ಸೇರಿಸಿದರೆ ನಿಜವಾದ ಅನ್ಯಾಯವಾಗುತ್ತದೆ. ಅವರನ್ನು ಗುರುತಿಸಲು ಬೇರೆ ದಾರಿ ಇದೆ: ವಿಡಿಯೊ ಕರೆ ಮಾಡಿ, ನೀವು ಆರಿಸಿದ ಸೀರೆಯನ್ನೇ ಬಿಚ್ಚಿ ತೋರಿಸಲು ಕೇಳಿ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳನ್ನು ಸೆರಗಿನ ಎಳೆಗಳೊಂದಿಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡುವ ಜಾಗವನ್ನು ಹಿಂಬದಿಯಿಂದ, ಕ್ಯಾಮೆರಾಕ್ಕೆ ಹತ್ತಿರ ಹಿಡಿಯಲು ಹೇಳಿ. ನೇಕಾರರು ಇದನ್ನು ಸಂತೋಷದಿಂದ ತೋರಿಸುತ್ತಾರೆ. ಬೇರೆಲ್ಲಿಂದಲೋ ಚಿತ್ರ ಕದ್ದು ಹಾಕಿದವರ ಬಳಿ ತೋರಿಸಲು ಸೀರೆಯೇ ಇರುವುದಿಲ್ಲ, ಆದ್ದರಿಂದ ‘ನೆಟ್‌ವರ್ಕ್ ಇಲ್ಲ, ಮೊದಲು ಬುಕ್ ಮಾಡಿ’ ಎಂದು ಮಾತು ತಿರುಗಿಸುತ್ತಾರೆ.

ಚಿತ್ರ ಮತ್ತು ಬೆಲೆ

ಜಾಹೀರಾತಿನ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅದೇ ಚಿತ್ರ ಹತ್ತಾರು ಅಂಗಡಿಗಳ ಹೆಸರಿನಲ್ಲಿ ಹತ್ತಾರು ಬೆಲೆಗೆ ಕಂಡರೆ, ನೀವು ನೋಡಿದ ಅಂಗಡಿಯವರೇ ಅದನ್ನು ತೆಗೆದಿರುವ ಸಾಧ್ಯತೆ ಕಡಿಮೆ.

ಬೆಲೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮೈಸೂರು ಸಿಲ್ಕ್‌ಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದ್ದು, ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮದ ಸೀರೆಗಳಲ್ಲಿ ಕಸೂತಿ ಮಾಡಿದ ಪ್ರತ್ಯೇಕ ಸಂಕೇತ ಸಂಖ್ಯೆಯೂ ಹೋಲೋಗ್ರಾಂ ಕೂಡ ಇರುತ್ತವೆ. ಅಪ್ಪಟ ರೇಷ್ಮೆ ಮತ್ತು ಚಿನ್ನದ ಜರಿಯ ಆ ಸೀರೆ ಸಾವಿರದ ಆಸುಪಾಸಿನ ಬೆಲೆಗೆ ಸಿಗಲು ಸಾಧ್ಯವೇ ಇಲ್ಲ. ಬೇರೆ ರೇಷ್ಮೆ ಸೀರೆಗಳಿಗೆ ಕೇಂದ್ರ ರೇಷ್ಮೆ ಮಂಡಳಿ ಆರಂಭಿಸಿದ ‘ಸಿಲ್ಕ್ ಮಾರ್ಕ್’ ಚೀಟಿ ಇದೆಯೇ ಎಂದು ಕೇಳಬಹುದು. ‘ಸೆಮಿ ಸಿಲ್ಕ್’, ‘ಆರ್ಟ್ ಸಿಲ್ಕ್’ ಎಂದು ಸಣ್ಣ ಅಕ್ಷರಗಳಲ್ಲಿ ಬರೆದಿದ್ದರೆ ಅದನ್ನು ಅಪ್ಪಟ ರೇಷ್ಮೆಯೆಂದು ಕೊಳ್ಳಬೇಡಿ. ಇನ್ನು, ಪುಟವನ್ನು ಮತ್ತೆ ತೆರೆದಾಗ ಮೊದಲಿನಿಂದ ಎಣಿಸಲು ಶುರುಮಾಡುವ ‘ಇನ್ನು ಹತ್ತೇ ನಿಮಿಷ’ದ ಗಡಿಯಾರಕ್ಕೆ ಬೆಲೆ ಕೊಡಬೇಕಾಗಿಲ್ಲ; ಇಂಥ ಸುಳ್ಳು ಅವಸರವನ್ನು 2023ರ ನವೆಂಬರ್‌ನಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿಗಳು ನಿಷೇಧಿಸಿವೆ.

ಹಣ ಕೊಡುವಾಗ, ಪಾರ್ಸೆಲ್ ಬಂದಾಗ

ಯುಪಿಐ ಮೂಲಕ ಪಾವತಿಸುವಾಗ ಪಿನ್ ಹಾಕುವ ಮೊದಲು ತೆರೆಯ ಮೇಲೆ ಕಾಣುವ ಹೆಸರನ್ನು ಓದಿ. ಅಂಗಡಿಗೆ ಸಂಬಂಧವೇ ಇಲ್ಲದ ವ್ಯಕ್ತಿಯ ಹೆಸರು ಬಂದರೆ ನಿಲ್ಲಿಸಿ, ಅವರು ಯಾರೆಂದು ವಿಚಾರಿಸಿ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟಿದ್ದರೆ ವಸ್ತು ಬಾರದಿದ್ದಾಗ ಬ್ಯಾಂಕಿನಲ್ಲಿ ತಕರಾರು ಸಲ್ಲಿಸಿ ಹಣ ಮರಳಿ ಕೇಳುವ ದಾರಿಯಿದೆ. ಕ್ಯಾಷ್ ಆನ್ ಡೆಲಿವರಿ ಇದ್ದರೆ ಸುರಕ್ಷಿತ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಬಹಳಷ್ಟು ಸಂದರ್ಭಗಳಲ್ಲಿ ಹಣ ಕೊಟ್ಟ ಮೇಲೆಯೇ ಪಾರ್ಸೆಲ್ ಒಡೆಯಲು ಬಿಡುತ್ತಾರೆ, ತಂದುಕೊಟ್ಟ ಹುಡುಗನಿಗೆ ಒಳಗಿರುವುದರ ಬಗ್ಗೆ ಏನೂ ಗೊತ್ತಿರುವುದಿಲ್ಲ. ಹಾಗಾಗಿ ಕಳುಹಿಸಿದವರ ವಿಳಾಸವಿರುವ ಚೀಟಿ ಮೊದಲು ಕಾಣುವಂತೆ, ಎಲ್ಲಿಯೂ ನಿಲ್ಲಿಸದೆ, ಪಾರ್ಸೆಲ್ ಬಿಚ್ಚುವುದನ್ನು ವಿಡಿಯೊ ಮಾಡಿಕೊಳ್ಳಿ.

ಮೋಸವಾಗಿದ್ದರೆ

ಹಣ ಪಡೆದವರು ನಾಪತ್ತೆಯಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಹಣ ಮತ್ತೊಂದು ಖಾತೆಗೆ ಹೋಗುವ ಮುನ್ನ ತಡೆಹಿಡಿಯಲು ಸಾಧ್ಯವಾಗುವುದು ಆರಂಭದ ಗಂಟೆಗಳಲ್ಲೇ. ಅಂಗಡಿ ಇದೆ, ಆದರೆ ಕಳಪೆ ಬಟ್ಟೆ ಕಳುಹಿಸಿ ಹಿಂಪಡೆಯಲು ಒಪ್ಪುತ್ತಿಲ್ಲ ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಜಾಹೀರಾತು, ಚಾಟ್ ಮತ್ತು ಪಾವತಿಯ ಸ್ಕ್ರೀನ್‌ಶಾಟ್‌ಗಳನ್ನು ಪುಟ ಮಾಯವಾಗುವ ಮೊದಲೇ ತೆಗೆದಿಟ್ಟುಕೊಳ್ಳಿ.

ದೂರು ಕೊಟ್ಟ ನಂತರ ‘ರೀಫಂಡ್ ವಿಭಾಗದಿಂದ’ ಎಂದು ಯಾರಾದರೂ ಕರೆ ಮಾಡಿ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಲು, ಪಿನ್ ಹಾಕಲು ಅಥವಾ ಆ್ಯಪ್ ಇಳಿಸಿಕೊಳ್ಳಲು ಹೇಳಿದರೆ ಕರೆಯನ್ನು ಅಲ್ಲಿಗೇ ತುಂಡರಿಸಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ.